ಎಂಟನೆಯ ಸಲ ಹಾಡಿದ್ದು

"ಏಳು ಸಲ ಕೆಟ್ಟೋಯ್ತು, ಎಂಟನೇ ಸಲಕ್ಕೆ ಕೈಗೆ ಬಂತು ನೋಡು!" ಎಂದು ಎವಾಲ್ಡ್ ಮೇಜನ್ನು ಗುದ್ದಿದ.

ಒಳಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಗೆರ್ಲಿಂಡ್ ಮುಂದಿನ ಮಾತನ್ನು ಅವನಿಗಿಂತ ಮೊದಲೇ ಮನಸ್ಸಿನಲ್ಲಿ ಹೇಳಿಕೊಂಡಳು.

"ಬೆಳಿಗ್ಗೆ ಎಂಟಕ್ಕೆ ನಿಂತವರು ಸಂಜೆ ಆರರವರೆಗೂ ಕುಂಡಿ ಊರಲಿಲ್ಲ!" ಎಂದ ಎವಾಲ್ಡ್.

ಅದು ಸಾವಿರದ ಒಂಬೈನೂರ ಅರವತ್ತಾರರ ಅಕ್ಟೋಬರ್ ತಿಂಗಳ ಮಾತು. ಜರ್ಮನಿಯ ಮೊಸೆಲ್ ನದಿಯ ದಂಡೆಯ ಆ ಊರಿನ ಗಂಡಸರ ಗಾಯನಸಂಘ ಕೊಬ್ಲೆಂಜ್ ನಗರದಿಂದ ಧ್ವನಿಮುದ್ರಣದ ಗಾಡಿಯನ್ನು ತರಿಸಿ, ಗೆರ್ಲಿಂಡಳ ತಂದೆಯ ಹೋಟೆಲಿನ ದೊಡ್ಡ ಕೋಣೆಯಲ್ಲಿ ವೈನಿನ ಹಾಡುಗಳನ್ನು ರೆಕಾರ್ಡು ಮಾಡಿಸಿತ್ತು. ರೆಕಾರ್ಡಿನ ಹೊದಿಕೆಯ ಹಿಂಬದಿಯಲ್ಲಿ ಮೂವತ್ತೆರಡು ಹೆಸರುಗಳಿದ್ದವು. ಅವರಲ್ಲಿ ಈಗ ಬದುಕಿರುವವರು ಇಬ್ಬರು: ಎವಾಲ್ಡ್, ಮತ್ತು ಗೆರ್ಲಿಂಡಳ ಗಂಡ, ಸಂಘದ ಅಧ್ಯಕ್ಷ ಲೋಥಾರ್.

ಇಂದಿನ ಸಂಘವೆಂದರೆ ಒಂಬತ್ತು ಜನ ಮುದುಕರು. ಎರಡು ವರ್ಷಗಳಿಂದ ಅವರನ್ನು ಹಾಡಿಸುತ್ತಿದ್ದವಳು ಲೋಥಾರನ ಮೊಮ್ಮಗಳು ರೊನ್ಯಾ. ಹೆಂಗಸರನ್ನೂ ಸೇರಿಸಿಕೊಳ್ಳದಿದ್ದರೆ ಸಂಘ ಮುಚ್ಚುವುದೇ ಸರಿ ಎಂದು ಅವಳು ಹಟ ಹಿಡಿದಿದ್ದಳು. ಗುರುವಾರ ಅದಕ್ಕೆ ಮತ ಹಾಕಬೇಕಿತ್ತು. ಲೋಥಾರ್ ಕೈ ಎತ್ತಿದ ಕಡೆಗೆ ಉಳಿದವರ ಕೈಯೂ ಏಳುತ್ತಿತ್ತು. ಸೇರಬಯಸುವ ಹೆಂಗಸರ ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವಳು ಎಪ್ಪತ್ತು ತುಂಬಿದ ಗೆರ್ಲಿಂಡ್. ಅದನ್ನು ಕೇಳಿ ಲೋಥಾರ್ "ನೋಡೋಣ" ಎಂದಿದ್ದ. ಮದುವೆಯಾದಂದಿನಿಂದ ಅವನ "ನೋಡೋಣ"ಗಳನ್ನು ಅವಳು ಬೇಕಾದಷ್ಟು ನೋಡಿದ್ದಳು.

"ಮಗೂ, ನಿನ್ನ ಮೇಲೆ ನನಗೇನೂ ಕೋಪವಿಲ್ಲ," ಎಂದು ಎವಾಲ್ಡ್ ರೊನ್ಯಾಳಿಗೆ ಹೇಳುತ್ತಿದ್ದ. "ಆದರೆ ಕುಡಿಯೋ ಹಾಡಿಗೆ ಗಂಡು ಗಂಟಲೇ ಬೇಕು. ಹೆಂಗಸರು ಹಾಡಿದ್ರೆ ವೈನೂ ಚರ್ಚಿನ ನೀರಾಗುತ್ತೆ. ಲೋಥಾರ್, ಹಾಕಪ್ಪ ಆ ಮೂರನೇ ಹಾಡು. ನನ್ನ ಆ ಎತ್ತರದ ಸ್ವರ ಕೇಳಲಿ."

ಗ್ರಾಮಫೋನಿನ ಮುಳ್ಳು ಕರಕರ ಎಂದಿತು. ಬಳಿಕ ಮೂವತ್ತಕ್ಕೂ ಹೆಚ್ಚು ಗಂಡಸರು ಒಟ್ಟಿಗೆ ಉಸಿರೆಳೆದು ದ್ರಾಕ್ಷಿಯನ್ನೂ ದ್ರಾಕ್ಷಿ ಬೆಳೆದ ಗುಡ್ಡವನ್ನೂ ಹೊಗಳತೊಡಗಿದರು. ಎವಾಲ್ಡ್ ಪಕ್ಕದಲ್ಲಿದ್ದ ಲೋಥಾರನ ತೋಳಿಗೆ ತೋಳು ಸಿಕ್ಕಿಸಿ ಎಡಕ್ಕೂ ಬಲಕ್ಕೂ ತೂಗಾಡಿದ. ಹಾಡು ಏರುತ್ತ ಏರುತ್ತ ತುದಿ ಮುಟ್ಟಿದಾಗ, ಎಲ್ಲ ದನಿಗಳ ನೆತ್ತಿಯ ಮೇಲೆ ಒಂದು ಸ್ವರ ಬೆಳಗಿ ನಿಂತಿತು. ಎವಾಲ್ಡ್ ಕಣ್ಣು ಮುಚ್ಚಿ, ಬಾಯಿ ತೆರೆದು, ಸದ್ದಿಲ್ಲದೆ ಅದನ್ನು ಹಾಡಿದ.

"ಎವಾಲ್ಡ್ ಮಾಮ," ಎಂದಳು ರೊನ್ಯಾ, ಹುಬ್ಬು ಗಂಟಿಕ್ಕಿ, "ಎಷ್ಟೇ ಎತ್ತರದ ಗಂಡು ಗಂಟಲಿಗೂ ಆ ಜಾಗ ಬಹಳ ಕಷ್ಟ. ಇದು ಎಷ್ಟು ಆರಾಮಾಗಿ ಬಂದಿದೆ!"

"ಅದಕ್ಕೇ ಅನ್ನೋದು, ದೇವರು ಕೊಟ್ಟದ್ದು!"

ಅವನು ಸುಳ್ಳು ಹೇಳುತ್ತಿರಲಿಲ್ಲ. ಗೆರ್ಲಿಂಡಳಿಗೆ ರೇಗಿ ಹೋದದ್ದೇ ಅದರಿಂದ. ನಲವತ್ತೆಂಟು ವರ್ಷ ಹೇಳಿ ಹೇಳಿ ಅವನು ನಂಬಿಬಿಟ್ಟಿದ್ದ. ಆದರೆ ಅವಳ ಗಂಡ ನಂಬಿರಲಿಲ್ಲ. ನಂಬದೆಯೂ ಲೋಟದೊಳಗೆ ಇಣುಕುತ್ತ ಕುಳಿತಿದ್ದ ಅವನ ಬೋಳುತಲೆಯನ್ನು ಬಾಗಿಲಿನಿಂದ ನೋಡುತ್ತ, ಇವತ್ತಾದರೂ ಬಾಯಿ ಬಿಡುತ್ತಾನೆಯೇ ಎಂದು ಒಂದು ಚರಣ ಮುಗಿಯುವಷ್ಟು ಹೊತ್ತು ಕಾದಳು. ಅವನು ಬಿಡಲಿಲ್ಲ. ಚಾಕು ಹಿಡಿದೇ ಅವಳು ಹೊರಗೆ ಬಂದು ಮುಳ್ಳನ್ನು ಎತ್ತಿದಳು.

"ಅಯ್ಯೋ, ಗೀರು ಬಿದ್ದೀತು!" ಎಂದ ಲೋಥಾರ್.

"ಗೀರಿನ ಚಿಂತೆ ನಿನಗೆ! ಕೊನೇ ಚರಣಕ್ಕೆ ಮುಂಚೆ ಕಿರ್ ಅಂತ ಒಂದು ಸದ್ದು ಬರುತ್ತಲ್ಲ, ಏನದು?"

"ಅದಾ? ನೆಲದ ಹಲಗೆ," ಎಂದ ಎವಾಲ್ಡ್.

"ನಮ್ಮಪ್ಪನ ಕೋಣೆಗೆ ಹಾಸಿದ್ದು ಕಲ್ಲು, ಎವಾಲ್ಡ್. ಅದು ವೈನ್ ಬಾಟಲಿ ತುಂಬೋ ಮರದ ಪೆಟ್ಟಿಗೆ. ಅದರ ಮೇಲೆ ಎಲ್ಲರ ಬೆನ್ನ ಹಿಂದೆ ನಾನು ನಿಂತಿದ್ದೆ. ಕಾಲು ನೋವು ಬಂದು ಕಾಲು ಬದಲಾಯಿಸಿದೆ, ಅದರ ಸದ್ದು."

ರೊನ್ಯಾ ಎದ್ದು ನಿಂತಳು. ಎವಾಲ್ಡ್ ನಗಲು ನೋಡಿದ.

"ಏನ್ ಗೆರ್ಲಿಂಡ್, ಅಡುಗೆಮನೇಲಿ ಹೊಸ ವೈನಿನ ರುಚಿ ಜಾಸ್ತಿ ನೋಡಿದ್ಯಾ? ಹಾಗಾದ್ರೆ ನಾನೆಲ್ಲಿದ್ದೆ?"

"ಹಿಂದಿನ ದಿನ ಯಾರದೋ ಮದುವೇಲಿ ಕಿರುಚಿ ಗಂಟಲು ಕಟ್ಕೊಂಡು ಬಂದಿದ್ದೆ. ಏಳು ಸಲವೂ ಕೆಡಿಸಿದವನು ನೀನೇ. ಎಂಟನೇ ಸಲಕ್ಕೆ ನಮ್ಮ ಅಡುಗೆಮನೆ ಬೆಂಚಿನ ಮೇಲೆ ಕೂತು, ನನ್ನ ಏಪ್ರನ್ನು ಕುತ್ತಿಗೆಗೆ ಸುತ್ಕೊಂಡು, ಬಿಸಿ ಹಾಲು ಕುಡೀತಿದ್ದೆ. ಪ್ರತಿ ಗುರುವಾರ ನಿಮ್ಮ ಅಭ್ಯಾಸ ನಡೆಯೋವಾಗ ಗೋಡೆಯಾಚೆ ಪಾತ್ರೆ ತೊಳೀತಾ, ಮೇಲಿಂದ ಕೆಳಗಿನವರೆಗೆ ನಿಮ್ಮ ನಾಲ್ಕು ದನೀನೂ ಕಲಿತವಳು ನಾನು. ನಿಮ್ಮನ್ನ ಹಾಡಿಸ್ತಿದ್ದ ಮೇಷ್ಟ್ರು ಕರೆದರು, ಹಾಡಿದೆ. ಇದು ಈ ಕೋಣೆ ದಾಟಬಾರದು ಅಂದರು, ದಾಟಲಿಲ್ಲ."

ಎವಾಲ್ಡ್ ಗೆಳೆಯನ ಕಡೆಗೆ ತಿರುಗಿದ. "ಏ ಲೋಥಾರ್, ಹೇಳೋ ಇವಳಿಗೆ."

ಲೋಥಾರ್ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸುತ್ತ ಕುಳಿತ. ಅಷ್ಟು ಹೊತ್ತೂ ಗೆರ್ಲಿಂಡ್ ಚಾಕುವಿಗೆ ಅಂಟಿದ ಈರುಳ್ಳಿಯ ಚೂರನ್ನೇ ನೋಡುತ್ತಿದ್ದಳು. "ನೋಡೋಣ" ಎಂದನಾದರೆ ಗುರುವಾರದವರೆಗೆ ಈ ಮನೆಯ ಒಲೆ ಹಚ್ಚುವುದಿಲ್ಲವೆಂದು ತೀರ್ಮಾನಿಸಿಬಿಟ್ಟಳು.

"ಪೆಟ್ಟಿಗೆ ತಂದಿಟ್ಟವನು ನಾನು," ಎಂದ ಲೋಥಾರ್ ಕೊನೆಗೆ. "ಹೊದಿಕೆಗೆ ಹೆಸರು ಬರೆದುಕೊಟ್ಟವನೂ ನಾನೇ, ಎವಾಲ್ಡ್. ಮೂವತ್ತೊಂದು ಬರೆದೆ. ಮೂವತ್ತೆರಡನೇದಕ್ಕೆ ಪೆನ್ನು ನಿಂತುಬಿಡ್ತು. ಇವಳ ಹೆಸರು ಬರೆದ್ರೆ ಜನ ನಗ್ತಾರೆ ಅಂತ ನಿನ್ನದು ಹಾಕಿದೆ." ಬಳಿಕ ಹೆಂಡತಿಯ ಕಡೆ ನೋಡಿದ. "ಗುರುವಾರ ಇದನ್ನ ಅಲ್ಲೂ ಹೇಳ್ತೀನಿ. ಕೈ ಎತ್ತೋಕೆ ಮುಂಚೆ."

ಎವಾಲ್ಡ್ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿಟ್ಟು, ಅವು ಯಾರವೋ ಎಂಬಂತೆ ನೋಡಿದ.

"ಹಾಲಿಗೆ ಜೇನು ಹಾಕಿದ್ದೆ ನೀನು," ಎಂದ ಮೆಲ್ಲಗೆ. "ತೀರಾ ಸಿಹಿ ಮಾಡಿದ್ದೆ."

"ಇದ್ದ ಜೇನೆಲ್ಲ ಸುರಿದಿದ್ದೆ. ನಿನ್ನ ಗಂಟಲು ತೆರೆದ್ರೆ ನನಗೆ ಪೆಟ್ಟಿಗೆ ಹತ್ತೋದು ತಪ್ಪುತ್ತಿತ್ತಲ್ಲ."

ಅವನು ತನ್ನ ಲೋಟವನ್ನು ಎತ್ತಿ ಅವಳತ್ತ ಚಾಚಿದ. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅವಳಿಗೆ ಲೋಟವಿರಲಿಲ್ಲ. ಲೋಥಾರ್ ತನ್ನದನ್ನು ಮೇಜಿನ ಅಂಚಿನವರೆಗೆ ಸರಿಸಿಕೊಟ್ಟ. ಗೆರ್ಲಿಂಡ್ ಚಾಕುವನ್ನು ಕೆಳಗಿಟ್ಟು, ಒದ್ದೆ ಬೆರಳುಗಳಿಂದ ಅದನ್ನು ಎತ್ತಿಕೊಂಡು, ಎವಾಲ್ಡನ ಕಣ್ಣನ್ನು ನೇರವಾಗಿ ನೋಡುತ್ತ ಲೋಟ ತಾಗಿಸಿದಳು. ಸಣ್ಣ ಸದ್ದಾಯಿತು. ಪಕ್ಕದಲ್ಲಿ ಕಪ್ಪು ತಟ್ಟೆ ಹಾಡಿಲ್ಲದೆ ಸುತ್ತುತ್ತಲೇ ಇತ್ತು.

ರೊನ್ಯಾ ಅದರ ಮುಂದೆ ನೆಲದ ಮೇಲೆ ಮಂಡಿಯೂರಿ ಕುಳಿತಳು.

"ಅಜ್ಜಿ, ಇನ್ನೊಂದು ಸಲ ಹಾಕಿ."