ಪಾತ್ರೆಯ ಅಡಿಯ ಹೆಸರು

ಸಿಗ್ನೆ ಅಮ್ಮನ ಪುಸ್ತಕವನ್ನು ಕೋಟಿನೊಳಗೆ ತುರುಕುವಷ್ಟರಲ್ಲಿ ಪಾದ್ರಿ ನೋಡಿಯೇಬಿಟ್ಟರು.

"ಅದೊಂದ್ ಬೇಡಮ್ಮ. ನಿಮ್ಮಮ್ಮ ಹನ್ನೊಂದು ಕಾದಂಬರಿ ಬರ್ದಿದಾರೆ, ಬೇರೆ ಯಾವ್ದಾದ್ರೂ ಓದು. ಗಿರಣಿ ಮನೆಯೋರು ಮುಂದಿನ ಸಾಲಲ್ಲೇ ಕೂತಿರ್ತಾರೆ."

"ಅಮ್ಮ ಇದನ್ನೇ ಓದು ಅಂದಿದ್ದು."

ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸಾವಿನೂಟದ ಪಾತ್ರೆಗಳನ್ನು ಸಾಲಾಗಿ ಇಡುತ್ತಿದ್ದರು. ಮಿನೆಸೋಟದ ಆ ಪುಟ್ಟ ಊರಿನಲ್ಲಿ ಪ್ರತಿ ಪಾತ್ರೆಯ ಅಡಿಗೂ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತದೆ. ಇಲ್ಲದಿದ್ದರೆ ಯಾರ ಪಾತ್ರೆ ಯಾರ ಮನೆಗೋ. ಎಲ್ಲಕ್ಕಿಂತ ದೊಡ್ಡ ಪಾತ್ರೆ ವರ್ನಾಳದು. ಅದರಡಿ ನಲವತ್ತು ವರ್ಷದಿಂದ ಒಂದೇ ಹೆಸರು: ಮಿಸೆಸ್ ಬ್ರ್ಯಾಂಟ್. ಹಿಟ್ಟಿನ ಗಿರಣಿಯ ಯಜಮಾನರ ಸೊಸೆ. ಆ ಗಿರಣಿಗೆ ಬೆಂಕಿ ಬಿದ್ದಾಗ ಸತ್ತ ಏಳು ಕೂಲಿಯವರಲ್ಲಿ ಒಬ್ಬ ಅವಳ ಅಪ್ಪ ಎಂಬುದನ್ನು ಊರು ಜಾಣತನದಿಂದ ಮರೆತಿತ್ತು.

"ಸತ್ತ್ ಮೇಲೂ ನಿಮ್ಮಮ್ಮ ಬಾಯ್ ಮುಚ್ಚಲ್ಲ ಅನ್ನು," ಎಂದಳು ವರ್ನಾ.

"ಅವಳ ಪಾಲಿಂದೂ ಸೇರ್ಸಿ ನೀವೇ ಮುಚ್ಕೊಂಡಿದೀರಲ್ಲ, ಆಂಟಿ."

* * *

ಸಿಗ್ನೆಯ ಅಮ್ಮ ಆರ್ಡಿತ್, ಊರಿನ ಶಾಲೆಯ ಅಡುಗೆಮನೆಯಲ್ಲಿ ಹಗಲೆಲ್ಲ ಆಲೂಗಡ್ಡೆ ಸುಲಿದು, ಸಂಜೆ ಅದೇ ಕೈಯಲ್ಲಿ ಟೈಪ್‌ರೈಟರ್ ಕುಟ್ಟುತ್ತಿದ್ದಳು. ಮೊದಲ ಕಾದಂಬರಿಯೇ ಆ ಬೆಂಕಿಯದು, ಹೊರಗಿನಿಂದ ಬೀಗ ಹಾಕಿದ್ದ ಬಾಗಿಲಿನದು. ಹೆಸರುಗಳನ್ನೆಲ್ಲ ಬದಲಾಯಿಸಿ ಎಂದು ನ್ಯೂಯಾರ್ಕಿನ ಪ್ರಕಾಶಕ ಫೋನು ಮಾಡಿದ.

"ಊರಿನ ಹೆಸ್ರು ಬದ್ಲಾಯಿಸ್ತೀನಿ. ಯಜಮಾನಂದೂ ಬದ್ಲಾಯಿಸ್ತೀನಿ. ಆ ಏಳು ಜನದ್ದು ಮುಟ್ಟಲ್ಲ. ಅವ್ರಿಗೆ ಉಳ್ದಿರೋದು ಅದೊಂದೇ."

ಅವನು ಹಸ್ತಪ್ರತಿ ವಾಪಸು ಕಳಿಸಿದ. ಇವಳು ಜಗ್ಗಲಿಲ್ಲ. ಬೇರೊಬ್ಬ ಪ್ರಕಾಶಕ ಸಿಗಲು ಮೂರು ವರ್ಷ ಹಿಡಿಯಿತು. ದೇಶವೆಲ್ಲ ಹೊಗಳಿತು. ಹಿತ್ತಲ ಗಿಡ ಮದ್ದಲ್ಲ ನೋಡಿ. ಊರಿನ ಗ್ರಂಥಾಲಯ ಅವಳ ಒಂದು ಪುಸ್ತಕವನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಆದರೂ ಊರಿನ ಒಂದೊಂದು ಸಾವಿಗೂ ಆರ್ಡಿತ್ ಪಾತ್ರೆ ಹೊತ್ತು ಬಂದಳು. ಯಾರೂ ಮುಟ್ಟದಿದ್ದರೆ ತಾನೇ ಬಡಿಸಿಕೊಂಡು, ಎಲ್ಲರೆದುರು ಬಾಯಿ ಚಪ್ಪರಿಸಿ ತಿಂದಳು.

* * *

ಶವಪೆಟ್ಟಿಗೆಯ ಪಕ್ಕ ನಿಂತು ಸಿಗ್ನೆ ಪುಸ್ತಕ ತೆರೆದಳು. ಪಾದ್ರಿ ಕೆಮ್ಮಿದರು, ಅವಳು ದನಿ ಏರಿಸಿದಳು. ಒಂದೊಂದೇ ಹೆಸರು ಓದಿದಳು. ಏಳನೆಯದು, "ನೆಲ್ಸ್ ಓಸ್ಟ್ರೆಮ್" ಎಂದಾಗ ವರ್ನಾ ಎದ್ದು ದಡದಡನೆ ನೆಲಮಾಳಿಗೆಯ ಮೆಟ್ಟಿಲಿಳಿದು ಹೋದಳು.

ಹೋದರೆ ಹೋಗಲಿ ಎಂದುಕೊಂಡು ಸಿಗ್ನೆ ಏಳನ್ನೂ ಮತ್ತೊಮ್ಮೆ ಓದಿದಳು.

ಊಟವಾಯಿತು. ಪಾತ್ರೆ ತೊಳೆಯಲು ನಿಂತ ಸಿಗ್ನೆ, ಬರಿದಾದ ದೊಡ್ಡ ಪಾತ್ರೆಯನ್ನು ಬೋರಲು ಮಾಡಿದಳು. ಹಳೆಯ ಪಟ್ಟಿಯನ್ನು ಯಾರೋ ಉಗುರಿನಿಂದ ಕೆರೆದು ಕಿತ್ತಿದ್ದರು. ಹೊಸದರ ಶಾಯಿ ಅವಳ ಒದ್ದೆ ಹೆಬ್ಬೆರಳಿಗೆ ಹತ್ತಿತು: ವರ್ನಾ, ನೆಲ್ಸ್ ಓಸ್ಟ್ರೆಮ್‌ನ ಮಗಳು.