ಉಡುಪಿಗಿಂತ ಚಿಕ್ಕ ದೇಶ

‘ಮೊಯೆನ್, ಮದಾಮ್,’ ಎನ್ನುತ್ತ ಗ್ರೆಗರಿ ಮುದುಕಿಯ ಕೈಯಿಂದ ಕೋಟು ತೆಗೆದುಕೊಂಡ. ಅದು ಜರ್ಮನ್ ನಮಸ್ಕಾರವಲ್ಲ, ಲಕ್ಸೆಂಬರ್ಗಿನದು. ಈ ಗಳಿಗೆಗಾಗಿ ವರ್ಷಗಳಿಂದ ನಾಲಿಗೆ ಮಸೆದುಕೊಂಡು ಕಾದಿದ್ದ.

ಮುದುಕಿ ತಲೆಯೆತ್ತಿದಳು. ಫ್ರಾಂಕ್‌ಫರ್ಟಿನ ಗಾಜಿನ ಆಫೀಸಿನಲ್ಲಿ, ಕಂದು ಮೈಯ ಪರದೇಶಿಯ ಬಾಯಲ್ಲಿ, ತನ್ನ ಅಡಿಗೆಮನೆಯ ಮಾತು! ಅವನ ತೋಳು ಹಿಡಿದವಳು ಬಿಡಲೇ ಇಲ್ಲ.

ಅವಳು ಲಿಯೊನಿ, ಕ್ಲೋಡ್‌ನ ತಾಯಿ. ಕ್ಲೋಡ್ ಗ್ರೆಗರಿಯ ಬಾಸು. ಅವನು ಡೈರೆಕ್ಟರ್ ಆದದ್ದಕ್ಕೆ ಇವತ್ತಿನ ಪಾರ್ಟಿ. ಅವನನ್ನು ಆ ಕುರ್ಚಿಗೆ ಏರಿಸಿದ ಸಾಫ್ಟ್‌ವೇರ್ ಬರೆದವನು ಗ್ರೆಗರಿ. ಬ್ಯಾಂಕಿನವರ ಮುಂದೆ ಕ್ಲೋಡ್ ಅದನ್ನು ತನ್ನದೆಂದು ತೋರಿಸಿ, ಹಿಂದೆ ನಿಂತಿದ್ದವನತ್ತ ಕೈಮಾಡಿ, ‘ಇವನು ನಮ್ಮ ಇಂಡಿಯಾದ ಸಹಾಯಕ’ ಅಂದಿದ್ದ. ಗ್ರೆಗರಿ ನಗುತ್ತ ತಲೆಬಾಗಿದ್ದ. ಜರ್ಮನಿಯಲ್ಲಿ ದುಡಿಯಲು ಕೊಟ್ಟ ಬ್ಲೂ ಕಾರ್ಡ್ ಪರವಾನಗಿ ಆಗಿನ್ನೂ ಹೊಸತು. ಕೆಲಸ ಹೋದರೆ ಅದರ ಹಿಂದೆ ದೇಶವೂ ಹೋಗುತ್ತಿತ್ತು.

ಬೈಯಲಾಗದವನು ಕಲಿಯತೊಡಗಿದ. ಹೊಡೆಯುವ ಮೊದಲು ಶತ್ರುವಿನ ಮನೆ ನೋಡಿಕೊಂಡು ಬರಬೇಕಲ್ಲ? ಕ್ಲೋಡ್‌ನ ದೇಶಕ್ಕೆ ರಜೆಯ ದಿನಗಳಲ್ಲೆಲ್ಲ ಹೋದ. ಉಡುಪಿ ಜಿಲ್ಲೆಗಿಂತ ಚಿಕ್ಕ ದೇಶ. ಬಸ್ಸು, ರೈಲು ಎಲ್ಲ ಪುಕ್ಕಟೆ. ಜಾತ್ರೆಯಂಥ ಸಂತೆಯಲ್ಲಿ ನಿಂತು ಆಲೂಗೆಡ್ಡೆಯ ವಡೆ ತಿಂದ. ಪಕ್ಕದವರು ಇವನು ಕೇಳುವ ಮೊದಲೇ ಕರವಸ್ತ್ರದಂಥ ಕಾಗದ ಮುಂದೆ ಚಾಚಿದರು. ಜನ ಅಂಗಡಿಯಲ್ಲಿ ಫ್ರೆಂಚ್ ಆಡುತ್ತಿದ್ದರು, ಪೇಪರನ್ನು ಜರ್ಮನಿನಲ್ಲಿ ಓದುತ್ತಿದ್ದರು, ಮನೆಯೊಳಗೆ ಹೋದ ಮೇಲೆ ಮಾತ್ರ ತಮ್ಮದನ್ನು ಆಡುತ್ತಿದ್ದರು. ಕಿನ್ನಿಗೋಳಿಯ ತಮ್ಮ ಮನೆಯ ಕೊಂಕಣಿಯ ಹಾಗೆ, ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟು ಬಂತು. ಅವನು ಪ್ರೀತಿಸಲು ಬಂದವನಲ್ಲ.

ಯುದ್ಧಕಾಲದಲ್ಲಿ ಜರ್ಮನರು ಆ ದೇಶವನ್ನು ನುಂಗಿ, ಅಲ್ಲಿಯ ಹುಡುಗರನ್ನು ತಮ್ಮ ಸೈನ್ಯಕ್ಕೆ ಎಳೆದೊಯ್ದದ್ದನ್ನು ಮ್ಯೂಸಿಯಂನಲ್ಲಿ ಓದಿದ ದಿನ ಅವನಿಗೆ ಗಾಯ ಎಲ್ಲಿದೆಯೆಂದು ಗೊತ್ತಾಯಿತು.

ಈಗ ಲಿಯೊನಿ ಕಿಟಕಿಯ ಬಳಿ ಕೂತು ತಾನಾಗಿಯೇ ಅದನ್ನು ತೆರೆದು ತೋರಿಸುತ್ತಿದ್ದಳು.

‘ನನ್ನಣ್ಣನನ್ನೂ ಹಾಗೇ ಒಯ್ದರು. ಬರಲಿಲ್ಲ. ಜರ್ಮನ್ ಬಾಯಿಗೆ ಬಂದರೂ ಅಮ್ಮ ಸಾಯುವ ತನಕ ಆಡಲಿಲ್ಲ. ಕ್ಲೋಡ್ ನಿಮಗೆಲ್ಲ ಹೇಳಿರಬೇಕು, ಅವನ ಮಾವನ ಕತೆ?’

‘ಇಲ್ಲ.’

‘ನಮ್ಮೂರಿನ ವಿಷಯ?’

ಗ್ರೆಗರಿ ವೈನ್ ಗ್ಲಾಸನ್ನು ಮೇಜಿನ ಮೇಲಿಟ್ಟ.

‘ಒಮ್ಮೆ ಊಟದ ಹೊತ್ತಿಗೆ ಮಾತು ಬಂದಿತ್ತು, ಮದಾಮ್. ಯಾರೋ ಅಂದರು, ನಿಮ್ಮದು ಭಾಷೆಯಲ್ಲ, ನೆಗಡಿಯಾದ ಜರ್ಮನ್ ಅಂತ.’

‘ಕ್ಲೋಡ್ ಏನಂದ?’

‘ನಕ್ಕ.’

ಸುಳ್ಳಲ್ಲ. ಅವತ್ತು ಎಲ್ಲರೂ ನಕ್ಕಿದ್ದರು. ತಾನೂ ನಕ್ಕದ್ದನ್ನು ಮಾತ್ರ ಹೇಳಲಿಲ್ಲ.

ಲಿಯೊನಿ ತನ್ನ ಚೀಲವನ್ನು ಕೈಗೆತ್ತಿಕೊಂಡಳು. ಕ್ಲೋಡ್ ದೊಡ್ಡವರ ಗುಂಪಿನಿಂದ ಬಿಡಿಸಿಕೊಂಡು ಬಂದ. ಅವರಿಗೂ ಕೇಳಲೆಂದು ಜರ್ಮನಿನಲ್ಲೇ, ‘ಅಮ್ಮಾ, ಬೇಜಾರಾಗಲಿಲ್ಲ ತಾನೆ?’ ಅಂದ.

ಮುದುಕಿ ಎದ್ದು ನಿಂತಳು. ಶಾಲೆಯಲ್ಲಿ ಬಡಿದು ಕಲಿಸಿದ್ದ ಅಚ್ಚ ಜರ್ಮನಿನಲ್ಲಿ, ಮಗನಿಗೆ, ಅಪರಿಚಿತರನ್ನು ಕರೆಯುವ ಹಾಗೆ ‘ನೀವು’ ಎಂದು ಕರೆದು ಹೇಳಿದಳು:

‘ನೀವು ತೊಂದರೆ ತೆಗೆದುಕೊಳ್ಳಬೇಡಿ. ಈ ಸಂಜೆಯ ರೈಲಿಗೇ ಹೋಗುತ್ತೇನೆ. ಇವರು ಸ್ಟೇಷನ್ನಿಗೆ ಬಿಡುತ್ತಾರೆ.’

ಕ್ಲೋಡ್‌ನ ಕಿವಿ ಕೆಂಪಗಾಯಿತು. ಗುಂಪಿನಲ್ಲಿ ಯಾರೋ ಕೆಮ್ಮಿದರು.

‘ಏನು ಹೇಳಿದೆ ಅಮ್ಮನಿಗೆ?’ ಕ್ಲೋಡ್ ಗ್ರೆಗರಿಯನ್ನು ಇಂಗ್ಲಿಷಿನಲ್ಲಿ ಕೇಳಿದ.

‘ಏನಿಲ್ಲ. ನಿಮ್ಮ ದೇಶ ಚೆನ್ನಾಗಿದೆ ಅಂದೆ.’

ಗೆದ್ದ ರುಚಿ ಲಿಫ್ಟು ಇಳಿಯುವ ತನಕ ನಾಲಿಗೆಯ ಮೇಲಿತ್ತು.

ಪ್ಲಾಟ್‌ಫಾರಂ ಬೆಂಚಿನ ಮೇಲೆ ಲಿಯೊನಿ ಅವನ ಕೈಯನ್ನು ತನ್ನೆರಡೂ ಕೈಗಳ ನಡುವೆ ಇಟ್ಟುಕೊಂಡಿದ್ದಳು. ‘ನೀನು ನನ್ನ ಮಗನಾಗಬೇಕಿತ್ತು’ ಅಂದಳು. ಅಷ್ಟರಲ್ಲಿ ಫೋನು ಬಂತು. ಇಲ್ಲೇ ಹುಟ್ಟಿದ ಮಗಳು ರೆಬೆಕಾ.

‘ಪಾಪಾ, ವೋ ಬಿಸ್ಟ್ ಡೂ?’

ಎಲ್ಲಿದ್ದೀ ಎಂದು ಕೇಳಿದವಳಿಗೆ ಗ್ರೆಗರಿ ಜರ್ಮನಿನಲ್ಲೇ, ಬರುತ್ತಿದ್ದೇನೆ, ಅಮ್ಮನಿಗೆ ಹೇಳು, ಅಂದ. ಕೊಂಕಣಿಯಲ್ಲಾಗಲಿ ಬೇರೆ ಯಾವ ಭಾಷೆಯಲ್ಲಾಗಲಿ ಹೇಳಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಫೋನು ಜೇಬಿಗಿಳಿಸಿದಾಗ ಮುದುಕಿಯ ಕೈಗಳು ಅವಳ ಮಡಿಲಿಗೆ ಹೋಗಿದ್ದವು.

‘ನಿನ್ನ ಮಗಳಾ?’

‘ಹೌದು.’

‘ನಿನ್ನ ಮನೆಯೊಳಗೂ ಜರ್ಮನ್ನೇ,’ ಅಂದಳು. ರೈಲು ಬಂತು. ಚೀಲ ಹತ್ತಿಸಲು ಹೋದರೆ ತಾನೇ ಎತ್ತಿಕೊಂಡಳು. ಕಿಟಕಿಯ ಬಳಿ ಕೂತು, ಗಾಜಿನಾಚೆಯಿಂದ ತುಟಿಯಾಡಿಸಿದಳು. ಬೈದಳೋ, ಹರಸಿದಳೋ. ಯಾವ ಭಾಷೆಯಲ್ಲೆಂದೂ ತಿಳಿಯಲಿಲ್ಲ. ಗ್ರೆಗರಿ ತಲೆಬಾಗಿದ.

ಅವಳ ಮುಖದ ಮೇಲೆ, ಗಾಜಿನಲ್ಲಿ, ಅವನ ಮುಖ ಬಿದ್ದಿತ್ತು. ರೈಲು ಹೊರಟಿತು. ಅವನ ಮುಖ ಒಂದೊಂದೇ ಕಿಟಕಿಯಲ್ಲಿ ಮೂಡಿ, ಯಾರ್ಯಾರದೋ ಮುಖದ ಮೇಲೆ ಕೂತು, ಜಾರಿತು. ಕೊನೆಯ ಡಬ್ಬಿಯಲ್ಲಿ ದೀಪ ಪ್ರಖರವಾಗಿತ್ತು, ಜನರಿರಲಿಲ್ಲ. ಗಾಜು ಅವನ ಮುಖ ಬಿಟ್ಟು, ಆಚೆಯ ಖಾಲಿ ಸೀಟುಗಳನ್ನಷ್ಟೇ ಸ್ಪಷ್ಟವಾಗಿ ತೋರಿಸುತ್ತ ಅವನೆದುರಿನಿಂದ ಸಾಗಿಹೋಯಿತು.