ಬ್ರೇಕ್ ಯಾರು ಹಾಕಬೇಕಿತ್ತು?

ಆಸ್ಪತ್ರೆಯ ಮೂರನೇ ವಾರ್ಡಿನ ಆ ಇಬ್ಬರು ಆಯಾಗಳಿಗೆ ಜೋಡೆತ್ತು ಎಂದೇ ಹೆಸರು. ಒಬ್ಬಳು ಗಟ್ಟಿಗಿತ್ತಿ: ಕುಳ್ಳಗೆ, ದುಂಡಗೆ, ನೆಲಕ್ಕೆ ಬೇರು ಬಿಟ್ಟ ಹಾಗೆ ನಿಲ್ಲುವವಳು. ಇನ್ನೊಬ್ಬಳು ಕಡ್ಡಿ: ಉದ್ದಕ್ಕೆ, ತೆಳ್ಳಗೆ, ಮಾತಿಗಿಂತ ಮೊದಲು ಕತ್ತು ಅಲ್ಲಾಡಿಸುವವಳು. ಹನ್ನೊಂದು ವರ್ಷಗಳಲ್ಲಿ ಇಬ್ಬರೂ ಸೇರಿ ಎಷ್ಟು ರೋಗಿಗಳನ್ನು ಮಂಚದಿಂದ ಟ್ರಾಲಿಗೆ, ಟ್ರಾಲಿಯಿಂದ ಮಂಚಕ್ಕೆ ಸಾಗಿಸಿದ್ದರೋ ಅವರಿಗೇ ಗೊತ್ತಿರಲಿಲ್ಲ. "ಒಂದು, ಎರಡು, ಮೂರು" ಎಂದು ಎಣಿಸುವ ಅಗತ್ಯವೂ ಬೀಳುತ್ತಿರಲಿಲ್ಲ. ಒಬ್ಬಳು ಉಸಿರೆಳೆದುಕೊಂಡರೆ ಇನ್ನೊಬ್ಬಳ ಕೈ ತಾನಾಗಿ ಮೇಲೇಳುತ್ತಿತ್ತು.

ಅವತ್ತು ಬೆಳಿಗ್ಗೆ ಒಬ್ಬ ಭಾರಿ ಆಳನ್ನು ಎಕ್ಸ್‌ರೇಗೆ ಕರೆದೊಯ್ಯಬೇಕಿತ್ತು. ದಿನವೂ ಉದ್ದದವಳಾದ ಕಡ್ಡಿ ತಲೆಯ ಕಡೆ, ಗಟ್ಟಿಗಿತ್ತಿ ಕಾಲಿನ ಕಡೆ. "ಇವತ್ತೊಂದಿನ ಈ ಕಡೆ ನೀನು ಬಾರೆ, ಭುಜ ಏಳ್ತಾನೇ ಇಲ್ಲ" ಎಂದಳು ಕಡ್ಡಿ. ಜಾಗ ಬದಲಾಯಿಸಿಕೊಂಡರು. ಕೆಳಗೆ ಹಾಸಿದ್ದ ದುಪ್ಪಟಿಯ ಸಮೇತ ರೋಗಿಯನ್ನು ಎತ್ತಿ ಅರ್ಧ ದಾರಿಗೆ ತಂದಿದ್ದರು, ಅಷ್ಟರಲ್ಲಿ ಟ್ರಾಲಿ ಗೋಡೆಯ ಕಡೆಗೆ ಜಾರಿತು. ಮಂಚಕ್ಕೂ ಟ್ರಾಲಿಗೂ ನಡುವೆ ಸಂದು ಬಾಯಿ ತೆರೆಯಿತು. ಗಟ್ಟಿಗಿತ್ತಿ ಯೋಚನೆ ಮಾಡಲಿಲ್ಲ. ಮಂಡಿಯೂರಿ ಆ ಸಂದಿಗೆ ತನ್ನ ಮೈಯನ್ನೇ ಕೊಟ್ಟಳು. ರೋಗಿಗೆ ಒಂದು ತರಚು ಗಾಯವೂ ಆಗಲಿಲ್ಲ. ಅವಳ ಸೊಂಟದಲ್ಲಿ ಮಾತ್ರ ಒಣ ಕೊಂಬೆ ಮುರಿದಂಥ ಸದ್ದು ಕೇಳಿಸಿತು. ಅದು ತನಗೊಬ್ಬಳಿಗೇ ಕೇಳಿಸಿತೋ ಕಡ್ಡಿಗೂ ಕೇಳಿಸಿತೋ ಅವಳಿಗೆ ತಿಳಿಯಲಿಲ್ಲ.

ಬೆನ್ನಿನ ಎಲುಬುಗಳ ನಡುವಿನ ಗಾದಿ ಸರಿದು ನರ ಒತ್ತುತ್ತಿದೆ, ಆರು ವಾರ ಮಲಗಿಯೇ ಇರಬೇಕು ಎಂದರು ಡಾಕ್ಟರು. ಮಲಗಿದವಳಿಗೆ ಕೆಲಸವೇನು? ಯೋಚನೆ. ಟ್ರಾಲಿ ಯಾಕೆ ಜಾರಿತು? ಬ್ರೇಕ್ ಬಿದ್ದಿರಲಿಲ್ಲ, ಅದಕ್ಕೆ. ಬ್ರೇಕಿನ ಪೆಡಲ್ ಇರುವುದು ಟ್ರಾಲಿಯ ಕಾಲಿನ ಕಡೆ. ಹನ್ನೊಂದು ವರ್ಷ ಅದನ್ನು ತುಳಿದದ್ದು ತಾನು. ಅವತ್ತು ತುಳಿದೆನೋ ಇಲ್ಲವೋ? ನೆನಪಿಸಿಕೊಳ್ಳಲು ಹೋದರೆ ಕಾಲಿಗೆ ಪೆಡಲಿನ ಒತ್ತು ಸಿಗುತ್ತಿತ್ತು, ಆದರೆ ಅದು ಯಾವ ದಿನದ್ದು ಎಂದು ಗೊತ್ತಾಗುತ್ತಿರಲಿಲ್ಲ. ಈ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಗಂಡ ಬೀಗ ರಿಪೇರಿಯವನು. ಊರಿನವರ ಬಾಗಿಲುಗಳಿಗೆಲ್ಲ ಭದ್ರವಾದ ಬೀಗ ಕೂರಿಸಿ, ತನ್ನ ಮನೆಯ ಚಿಲಕವನ್ನೇ ಮರೆತು ಮಲಗುವ ಮನುಷ್ಯ. ಲೋಕವನ್ನೆಲ್ಲ ನಂಬುವವನು. ಅವನ ಪಾಲಿನ ಅನುಮಾನವನ್ನೂ ತಾನೇ ಪಡಬೇಕಾಗಿ ಬಂದಿದೆ ಎಂಬುದು ಅವಳ ದೂರು.

ಎರಡನೇ ವಾರ ಆಸ್ಪತ್ರೆಯ ಆಡಳಿತ ಕಚೇರಿಯ ಅಧಿಕಾರಿ ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದ. ಆಸ್ಪತ್ರೆಯವರು ಅವನನ್ನು ನಗುಮೊಗದವನು ಎನ್ನುತ್ತಿದ್ದರು. ಸಂಬಳ ಕತ್ತರಿಸುವಾಗಲೂ ನಗುತ್ತಲೇ ಕತ್ತರಿಸುತ್ತಿದ್ದ.

"ಏನಮ್ಮಾ, ಹೇಗಿದೀರಿ? ವಾರ್ಡೇ ಬಿಕೋ ಅಂತಿದೆ ನೀವಿಲ್ದೆ." ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡ. "ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಜೊತೆಗಾತಿ ಹೇಳಿಕೆ ಕೊಟ್ಟಿದಾಳೆ. ಬ್ರೇಕ್ ಹಾಕ್ದೇ ಇದ್ದಿದ್ದು ನೀವೇ ಅಂತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಟ್ಟಿಗಿತ್ತಿಯ ಕೈ ತನ್ನಷ್ಟಕ್ಕೆ ಹೊದಿಕೆಯ ಅಂಚು ಹಿಡಿಯಿತು.

"ಅವಳಾ? ಅವಳು ಹಾಗಂದಳಾ?"

"ಬಿಡೀಮ್ಮಾ, ಭಯ ಬಿದ್ದು ಅಂದಿರ್ತಾಳೆ. ನಾವು ನಿಮ್ಮನ್ನ ಕೈ ಬಿಡ್ತೀವಾ? ಇದಕ್ಕೊಂದು ಸಹಿ ಹಾಕಿ, ರಜೆ ಮಂಜೂರು ಮಾಡಿಸ್ತೀನಿ. ವಿಚಾರಣೆ ಗಿಚಾರಣೆ ಏನೂ ಇರಲ್ಲ."

ಅವಳು ಕಾಗದ ತೆಗೆದುಕೊಂಡಳು. ಕನ್ನಡಕ ದಿಂಬಿನ ಕೆಳಗೇ ಇತ್ತು. "ಕನ್ನಡಕ ಒಡೆದುಹೋಗಿದೆ ಸಾರ್. ನಮ್ಮೋರು ಬಂದ ಮೇಲೆ ಓದಿಸ್ಕೊಂಡು ಕಳಿಸ್ತೀನಿ" ಎಂದಳು. ನಗುಮೊಗದವನ ನಗು ಒಂದು ಎಳೆ ಸಡಿಲಿತು. ಅವನು ಹೊರಗೆ ಹೋದ ಮೇಲೆ ಕನ್ನಡಕ ಏರಿಸಿ ಓದಿದಳು. "ನನಗೆ ಬಹಳ ವರ್ಷಗಳಿಂದ ಬೆನ್ನುನೋವು ಇದ್ದು, ಇದಕ್ಕೂ ಆಸ್ಪತ್ರೆಯ ಕೆಲಸಕ್ಕೂ ಯಾವ ಸಂಬಂಧವೂ ಇರುವುದಿಲ್ಲ" ಎಂದಿತ್ತು. ಹಣ್ಣಿನ ಬುಟ್ಟಿಯನ್ನು ಪಕ್ಕದ ಮನೆಗೆ ಕೊಡಿಸಿಬಿಟ್ಟಳು.

ಆದರೆ ನಗುಮೊಗದವನ ಕಾಗದಕ್ಕಿಂತ ಅವಳನ್ನು ಹೆಚ್ಚು ಕೊರೆದದ್ದು ಕಡ್ಡಿ. ಪೆಟ್ಟಾದ ದಿನ, ಮನೆಗೆ ಕಳಿಸಿದ ಆಂಬುಲೆನ್ಸಿನವರೆಗೂ ಕೈ ಹಿಡಿದುಕೊಂಡು ಬಂದವಳು, ಆಮೇಲೆ ಒಂದು ಸಲವೂ ಹೊಸಿಲು ತುಳಿದಿರಲಿಲ್ಲ. ಈಗ ಅರ್ಥವಾಯಿತಲ್ಲ! ಅವಳು ಕಣ್ಣಾರೆ ಕಂಡಿದ್ದಾಳೆ. ಹೋಗಿ ಒಪ್ಪಿಸಿದ್ದಾಳೆ.

ಗಂಡ ಕಾಗದ ಓದಿ ತಲೆ ಕೆರೆದುಕೊಂಡ. "ಒಬ್ಬರು ವಕೀಲರಮ್ಮ ಇದಾರೆ ಕಣೆ. ಕೆಲಸದಲ್ಲಿ ಗಾಯ ಆದೋರಿಗೆ ಪುಕ್ಕಟೆ ನಡೆಸಿಕೊಡ್ತಾರಂತೆ. ಅವರ ಆಫೀಸಿನ ಬೀಗ ನಾನೇ ರಿಪೇರಿ ಮಾಡಿದ್ದು."

"ಪುಕ್ಕಟೆ ಯಾಕೆ ಮಾಡ್ತಾರೆ?"

"ಒಳ್ಳೇವರು ಕಣೆ."

"ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದಳು. ಆದರೂ ಏಳಲು ಅನುಮತಿ ಸಿಕ್ಕ ಮೊದಲ ಶನಿವಾರ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಹೋದಳು.

ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ. ಬಾಗಿಲಿನಿಂದ ಕಿಟಕಿಯವರೆಗೂ ಫೈಲುಗಳು. ಬೆಂಚಿನ ಮೇಲೆ ಸೂಜಿ ಚುಚ್ಚಿಸಿಕೊಂಡ ನರ್ಸು, ಬಿಸಿನೀರಿನಲ್ಲಿ ಕೈ ಬೆಂದ ಅಡುಗೆಯವನು, ಎಲ್ಲರೂ ಒಂದಲ್ಲ ಒಂದು ಆಸ್ಪತ್ರೆಯವರು. ಇನ್ನೊಬ್ಬರ ಗಾಯ ವಾಸಿ ಮಾಡುವ ಜಾಗದಲ್ಲಿ ಇಷ್ಟು ಜನ ಗಾಯ ಮಾಡಿಕೊಳ್ಳುತ್ತಾರೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು. ವಕೀಲೆ ಐವತ್ತರ ಹೆಂಗಸು, ಮುಖದಲ್ಲಿ ನಗುವಿಲ್ಲ. ಆ ಒಂದು ಗುಣ ಮಾತ್ರ ಗಟ್ಟಿಗಿತ್ತಿಗೆ ಹಿಡಿಸಿತು. ಕಾಗದಗಳನ್ನು ಕೊಟ್ಟಳು, ನಡೆದದ್ದನ್ನು ಹೇಳಿದಳು. ಬ್ರೇಕಿನ ಮಾತು ಬಂದಾಗ "ಗೊತ್ತಿಲ್ಲ" ಎಂದು ಕಿಟಕಿ ನೋಡಿದಳು. ವಕೀಲೆ ಅವಳನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿ, ಬರೆದುಕೊಂಡಳು.

ಮುಂದಿನ ವಾರ ಬೆನ್ನಿನ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋದವಳು ಥಟ್ಟನೆ ಕಂಬದ ಮರೆಗೆ ಸರಿದಳು. ಆಡಳಿತ ಕಚೇರಿಯ ಬಾಗಿಲಲ್ಲಿ ಆ ವಕೀಲೆ! ಎದುರಿಗೆ ನಗುಮೊಗದವನು. ಅವನು ನಗುವುದೇನೋ ಸರಿ, ಅವಳೂ ನಗುತ್ತಿದ್ದಳು.

ಮನೆಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದಳು. "ನೋಡಿದ್ಯಾ ನಿನ್ನ ಒಳ್ಳೇವರನ್ನ? ಇಬ್ರೂ ಒಂದೇ ತಟ್ಟೇಲಿ ತಿನ್ನೋರು. ನಾಳೇನೇ ಹೋಗಿ ನನ್ನ ಕಾಗದ ವಾಪಸ್ ತಗೊಂಡ್ಬಾ."

"ನೀನೇ ಹೋಗಿ ಕೇಳು. ನನ್ನ ಕೈಲಿ ಆಗಲ್ಲಪ್ಪ" ಎಂದ ಗಂಡ, ಅರದಿಂದ ಕೀಲಿ ತಿಕ್ಕುತ್ತ.

ಹೋದಳು. ಮೆಟ್ಟಿಲು ಹತ್ತುವಾಗ ಒಂದೊಂದು ಹೆಜ್ಜೆಗೂ ಬೆನ್ನು ಬೈಯುತ್ತಿತ್ತು. "ನನ್ನ ಕಾಗದ ಕೊಡಿ" ಎಂದಳು, ನಿಂತಲ್ಲಿಂದಲೇ.

"ಯಾಕೆ?"

"ನಿಮ್ಮನ್ನ ಅಲ್ಲಿ ನೋಡ್ದೆ. ಅವನ ಜೊತೆ ನಗ್ತಾ ಇದ್ರಿ."

ವಕೀಲೆಗೆ ಸಿಟ್ಟು ಬರಲಿಲ್ಲ. "ಅಪಘಾತದ ರಿಜಿಸ್ಟರಿನ ನಕಲು ಕೇಳೋಕೆ ಹೋಗಿದ್ದೆ. ನೀರು ನುಗ್ಗಿ ಹಾಳಾಯ್ತು ಅಂದ. ಎರಡನೇ ಮಹಡಿ ಬೀರುಗೆ ನೀರು ಮೆಟ್ಟಿಲು ಹತ್ತಿ ಬಂತಾ ಅಂತ ಕೇಳ್ದೆ. ಅದಕ್ಕೆ ಅವನೂ ನಕ್ಕ, ನಾನೂ ನಕ್ಕೆ. ಅವನ ನಗೂ ನನ್ನ ನಗೂ ಒಂದೇ ಅಲ್ಲಮ್ಮಾ." ಫೈಲನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಳ್ಳಿದಳು. "ತಗೊಂಡು ಹೋಗಿ, ನಿಮ್ಮಿಷ್ಟ. ಆದ್ರೆ ಹೋಗೋ ಮುಂಚೆ, ನನ್ನಿಂದ ಮುಚ್ಚಿಟ್ಟಿದ್ದು ಏನು, ಅದನ್ನ ಹೇಳಿ."

ಗಟ್ಟಿಗಿತ್ತಿ ಫೈಲಿನ ಮೇಲೆ ಕೈಯಿಟ್ಟಳು. ತೆಗೆದುಕೊಳ್ಳಲಿಲ್ಲ. ಬೆಂಚಿನ ಅಂಚಿಗೆ ಮೆಲ್ಲಗೆ ಕುಳಿತಳು.

"ಬ್ರೇಕ್ ಹಾಕ್ತಿದ್ದಿದ್ದು ನಾನು. ದಿನಾ ನಾನೇ. ಅವತ್ತು ಹಾಕಿದ್ನೋ ಇಲ್ವೋ ದೇವರಾಣೆಗೂ ನೆನಪಿಲ್ಲ." ಮಾತಿನ ಹಿಂದೆಯೇ ಅಳುವೂ ಬಂತು.

"ಅವತ್ತು ಕುಡಿದಿದ್ರಾ?"

"ಏನು?"

"ಕುಡಿದಿದ್ರಾ ಅಂತ."

"ಟೀ ಕುಡಿದಿದ್ದೆ."

"ಬೇಕಂತ ಬೆನ್ನು ಮುರ್ಕೊಂಡ್ರಾ?"

"ಯಾರಾದ್ರೂ ಬೇಕಂತ ಮುರ್ಕೋತಾರಾ?"

"ಅಷ್ಟೇ. ಈ ಕಾನೂನು ತಪ್ಪು ಯಾರದು ಅಂತ ಕೇಳೋದೇ ಇಲ್ಲ. ಕೆಲಸ ಮಾಡ್ತಿರುವಾಗ, ಕೆಲಸದಿಂದಲೇ ಪೆಟ್ಟಾಯ್ತಾ? ಇಷ್ಟೇ ಕೇಳೋದು. ಮರೆವಿಗೆ ಶಿಕ್ಷೆ ಇಲ್ಲ. ಇದು ಅವನಿಗೆ ನನ್ನಷ್ಟೇ ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿಲ್ಲ ಅನ್ನೋದೂ ಗೊತ್ತು. ಅದಕ್ಕೇ ಬ್ರೇಕಿನ ಮಾತೆತ್ತಿ ನಿಮ್ಮನ್ನ ಹೆದರಿಸಿರೋದು."

ಗಟ್ಟಿಗಿತ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಷ್ಟು ದಿನ ತಾನು ಹೊತ್ತದ್ದು ಯಾರೂ ಕೇಳದ ಪ್ರಶ್ನೆಗೆ ಉತ್ತರವನ್ನೇ?

"ನಮಗೆ ಬೇಕಾಗಿರೋದು ಒಂದೇ" ಎಂದಳು ವಕೀಲೆ. "ಇದು ವಾರ್ಡಿನಲ್ಲೇ ಆಯ್ತು ಅನ್ನೋಕೆ ಸಾಕ್ಷಿ. ರೋಗಿಗೆ ಮತ್ತು ಬರೋ ಮದ್ದು ಕೊಟ್ಟಿದ್ರು, ಅವರಿಗೇನೂ ನೆನಪಿಲ್ಲ. ಉಳಿದಿರೋದು ನಿಮ್ಮ ಜೊತೆಗಾತಿ. ಕಾರ್ಮಿಕ ಕಚೇರೀಲಿ ವಿಚಾರಣೆ ಹದಿನೈದಕ್ಕೆ."

ಕಡ್ಡಿಯ ಮನೆ ಎರಡು ಬೀದಿಯಾಚೆ. ಬಾಗಿಲು ಒಂದು ಗೇಣಷ್ಟೇ ತೆರೆಯಿತು. ಸಂದಿಯಲ್ಲಿ ಅರ್ಧ ಮುಖ.

"ಇನ್ನೇನು ಬಾಕಿ ಇದೆ ಅಂತ ಬಂದೆ?" ಎಂದಳು ಕಡ್ಡಿ. "ನಾನು ಟ್ರಾಲಿ ಎಳೆದೆ, ಅದಕ್ಕೇ ನೀನು ಬಿದ್ದೆ ಅಂತ ಬರೆದುಕೊಟ್ಟಿದೀಯಲ್ಲ."

"ನಾನಾ? ನಾನು ಹಾಸಿಗೆ ಬಿಟ್ಟು ಎದ್ದಿದ್ದೇ ಮೊನ್ನೆ ಕಣೇ! ನೀನಲ್ವಾ, ನಾನು ಬ್ರೇಕ್ ಹಾಕ್ಲಿಲ್ಲ ಅಂತ ಹೇಳಿದ್ದು?"

"ಯಾರು ಹೇಳಿದ್ದು ಹಾಗಂತ?"

ಇಬ್ಬರಿಗೂ ಒಂದೇ ಸಲ ಹೊಳೆಯಿತು. ಹೆಸರು ಹೇಳುವ ಅಗತ್ಯವಿರಲಿಲ್ಲ. ಆದರೂ ಬಾಗಿಲು ಇನ್ನಷ್ಟು ತೆರೆಯಲಿಲ್ಲ. ಕಡ್ಡಿ ನೆಲ ನೋಡುತ್ತಿದ್ದಳು.

"ಇನ್ನೂ ಏನೋ ಇದೆ, ಅಲ್ವಾ?" ಎಂದಳು ಗಟ್ಟಿಗಿತ್ತಿ.

"ಸಹಿ ಹಾಕ್ಬಿಟ್ಟಿದೀನಿ. ಅವತ್ತು ನಾನು ಆ ಕೋಣೇಲೇ ಇರ್ಲಿಲ್ಲ ಅಂತ. ಹಾಕಿದ್ರೆ ನನ್ನ ಹೆಸರು ಎಲ್ಲೂ ಬರಲ್ಲ ಅಂದ. ಮನೇಲಿ ಸಂಬಳ ತರೋಳು ನಾನೊಬ್ಳೇ ಕಣೇ."

ಇಲ್ಲದ ದ್ರೋಹಕ್ಕೆ ಗಟ್ಟಿಗಿತ್ತಿ ತಿಂಗಳಿಗೂ ಹೆಚ್ಚು ಉರಿದುಕೊಂಡಿದ್ದಳು. ಇರುವ ದ್ರೋಹ ಎದುರಿಗೆ ನಿಂತಾಗ ಬೈಯಲು ಬಾಯಿಯೇ ಬರಲಿಲ್ಲ. "ವಿಚಾರಣೆ ಹದಿನೈದನೇ ತಾರೀಖು" ಎಂದಷ್ಟೇ ಹೇಳಿ ತಿರುಗಿದಳು. ಕಡ್ಡಿ ಬರುತ್ತೇನೆ ಎನ್ನಲೂ ಇಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಕತ್ತು ಕೂಡ ಅಲ್ಲಾಡಿಸಲಿಲ್ಲ.

ಹದಿನೈದರಂದು ಕಾರ್ಮಿಕ ಕಚೇರಿಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಕಡ್ಡಿ ಬಂದಳು. ಬಂದು, ನಗುಮೊಗದವನ ಪಕ್ಕದ ಬೆಂಚಿನಲ್ಲಿ ಕುಳಿತಳು. ಅವನು ಅವಳಿಗೆ ನೀರಿನ ಲೋಟ ಕೊಟ್ಟ. ಅವಳು ಕುಡಿದಳು. ಗಟ್ಟಿಗಿತ್ತಿ ವಕೀಲೆಯ ಕಿವಿಯಲ್ಲಿ, "ಮುಗೀತು ಬಿಡಿ, ನೀರೂ ಅವರದ್ದೇ" ಎಂದಳು.

ವಿಚಾರಣಾಧಿಕಾರಿ ಹೇಳಿಕೆಯ ಕಾಗದ ಎತ್ತಿ ಹಿಡಿದರು. "ಈ ಸಹಿ ನಿಮ್ಮದೇನಮ್ಮಾ?"

"ಹೌದು ಸಾರ್."

"ಅಪಘಾತ ಆದಾಗ ನೀವು ಅಲ್ಲಿರಲಿಲ್ಲ?"

ಕಡ್ಡಿ ಕತ್ತು ಅಲ್ಲಾಡಿಸಿದಳು. ಹೌದೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. "ಬಾಯಿ ಬಿಟ್ಟು ಹೇಳಿ" ಎಂದರು ಅಧಿಕಾರಿ.

"ಇದ್ದೆ ಸಾರ್. ರೋಗಿ ಕಾಲು ನನ್ನ ಕೈಲೇ ಇತ್ತು. ಸಹಿ ನಂದೇ, ಮಾತು ನಂದಲ್ಲ. ಬರೆದು ತಂದಿದ್ರು, ಹಾಕ್ದೆ." ಅವಳು ಗಟ್ಟಿಗಿತ್ತಿಯ ಕಡೆ ಕೈ ತೋರಿಸಿದಳು. "ಅವಳ ಬೆನ್ನು ಮುರಿದಿದ್ದು ನನಗೂ ಕೇಳಿಸ್ತು ಸಾರ್."

ಆಸ್ಪತ್ರೆಯ ವಕೀಲ ಎದ್ದು ನಿಂತ. "ಹಾಗಾದ್ರೆ ಬ್ರೇಕ್ ಯಾರು ಹಾಕಬೇಕಿತ್ತು?"

"ದಿನಾ ಅವಳು. ಅವತ್ತು ಜಾಗ ಬದಲಾಯಿಸಿಕೊಂಡಿದ್ವಿ. ಅವಳು ಹಾಕಿರ್ತಾಳೆ ಅಂತ ನಾನು, ಕಾಲಿನ ಕಡೆ ಇರೋಳು ಹಾಕ್ತಾಳೆ ಅಂತ ಅವಳು ಅಂದ್ಕೊಂಡಿರ್ಬೇಕು. ಭುಜ ನೋವು ಅಂದೋಳು ನಾನೇ."

"ಆ ಪ್ರಶ್ನೆ ಇಲ್ಲಿ ಬೇಡ" ಎಂದರು ಅಧಿಕಾರಿ. ನಗುಮೊಗದವನು ಮೊದಲ ಬಾರಿಗೆ ನಗುತ್ತಿರಲಿಲ್ಲ. ನಗು ಹೋದ ಮೇಲೆ ಅವನದು ತೀರಾ ಸಾಧಾರಣ ಮುಖವಾಗಿತ್ತು.

ತೀರ್ಪು ಬರಲು ಇನ್ನೆರಡು ತಿಂಗಳು ಹಿಡಿಯಿತು. ಚಿಕಿತ್ಸೆಯ ಖರ್ಚು, ಮಲಗಿದ್ದ ದಿನಗಳ ಸಂಬಳ, ಮತ್ತೆ ಎಂದೂ ಭಾರ ಎತ್ತಲಾಗದ ಬೆನ್ನಿಗೆ ಪರಿಹಾರ, ಎಲ್ಲವನ್ನೂ ಆಸ್ಪತ್ರೆ ಕೊಡಬೇಕೆಂದಾಯಿತು. ಗಟ್ಟಿಗಿತ್ತಿ ತೀರ್ಪಿನ ಪ್ರತಿಯನ್ನು ಮೂರು ಸಲ ಓದಿ, ಮೊಹರು ಅಸಲಿಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ವಕೀಲೆಗೆ ಕೈ ಮುಗಿದಾಗ ಆಕೆ, "ಈಗಲಾದ್ರೂ ನಂಬಿಕೆ ಬಂತಾ?" ಎಂದಳು. "ಅರ್ಧ" ಎಂದಳು ಗಟ್ಟಿಗಿತ್ತಿ. ವಕೀಲೆ ಅವತ್ತು ಜೋರಾಗಿಯೇ ನಕ್ಕಳು.

ಗಟ್ಟಿಗಿತ್ತಿಗೆ ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಕಡ್ಡಿಯನ್ನು ಯಾವ ಕಾರಣವನ್ನೂ ಕೊಡದೆ ಒಗೆಯುವ ಮನೆಗೆ ಹಾಕಿದರು. ಸಾಕ್ಷಿ ಹೇಳಿದ್ದಕ್ಕೇ ಈ ಶಿಕ್ಷೆ ಎಂದು ವಕೀಲೆ ಅದಕ್ಕೂ ಒಂದು ಅರ್ಜಿ ಬರೆದಳು. ಈ ಸಲ ಸಾಕ್ಷಿಯ ಜಾಗದಲ್ಲಿ ಗಟ್ಟಿಗಿತ್ತಿಯ ಹೆಸರಿತ್ತು.

ಅರ್ಜಿ ಕೊಟ್ಟು ಬಂದ ಮಧ್ಯಾಹ್ನ ಇಬ್ಬರೂ ಸೈಕಲ್ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತರು.

"ಸಹಿ ಹಾಕೋ ಮುಂಚೆ ನನ್ನನ್ನೊಂದು ಮಾತು ಕೇಳ್ಬಹುದಿತ್ತು" ಎಂದಳು ಗಟ್ಟಿಗಿತ್ತಿ.

"ಕೇಳ್ಬಹುದಿತ್ತು" ಎಂದಳು ಕಡ್ಡಿ. "ನೀನೂ ಕೇಳ್ಬಹುದಿತ್ತು."

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಗಟ್ಟಿಗಿತ್ತಿಗೆ ಸಿಟ್ಟು ಬಂತು. ಸಿಟ್ಟು ಇಳಿಯುವವರೆಗೂ ಅಲ್ಲೇ ಕುಳಿತಿದ್ದಳು. ಕಡ್ಡಿಯೂ ಎದ್ದು ಹೋಗಲಿಲ್ಲ.